ಲಾಕ್ ಬೀಳುವುದಕ್ಕೂ ದೇಹ ಹೊಂದುವುದಕ್ಕೂ ನಡುವೆ: ಎತ್ತರದ ಯುವಕನೊಬ್ಬನ ರೋಲರ್ ಕೋಸ್ಟರ್ ಪ್ರಕರಣ

ಈ ಪ್ರಕರಣದ ವ್ಯಕ್ತಿ ನನ್ನ ತಂಗಿಯ ಮಗ. ಊರು ಮಂಡ್ಯ, ವಯಸ್ಸು 20, ತೂಕ 88 ಕೆ.ಜಿ. ಬರಿಗಾಲಿನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದರೆ ಎತ್ತರ 196 ಸೆಂ.ಮೀ., ಅಡಿ ಲೆಕ್ಕದಲ್ಲಿ 6 ಅಡಿ 5 ಇಂಚು. ಕಾಲೇಜಿನ ವಾಲಿಬಾಲ್ ತಂಡದಲ್ಲಿ ಬಲೆಯ ಮುಂದೆ ನಿಲ್ಲುವವನು. ಅವರ ಹಳೆಯ ತೊಟ್ಟಿ ಮನೆಯ ಬಾಗಿಲುಗಳನ್ನೆಲ್ಲ ತಲೆ ಬಗ್ಗಿಸಿಯೇ ದಾಟಿ ಬೆಳೆದವನಾದ್ದರಿಂದ, ತನ್ನ ಅಳತೆಗೆ ಲೋಕ ಸಿದ್ಧವಾಗಿಲ್ಲ ಎಂಬುದು ಅವನಿಗೆ ಹೊಸ ಸುದ್ದಿಯೇನೂ ಅಲ್ಲ. ಆದರೂ ಅಂದು ನಡೆದದ್ದು ಅವನನ್ನು ಕೊಂಚ ಕುಗ್ಗಿಸಿತು. ಮೈಸೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಯಂತ್ರಶಾಸ್ತ್ರ ಕಲಿಸುವ ನನಗೆ, ಅವನು ಕುಗ್ಗಿದ್ದಕ್ಕಿಂತ ಹೆಚ್ಚಾಗಿ ಕಾಡಿದ್ದು ಆ ಘಟನೆಯೊಳಗಿದ್ದ ಒಂದು ಒಗಟು. ಆ ಒಗಟನ್ನು ಬಿಡಿಸಲು ಮಾಡಿದ ಅಳತೆ, ಓದು ಮತ್ತು ಎರಡನೆಯ ಭೇಟಿ, ಇವೇ ಈ ಬರಹದ ವಿಷಯ.

ನಡೆದದ್ದು ಇಷ್ಟು. ದಸರೆ ರಜೆಯಲ್ಲಿ ನಾನು, ಅಳಿಯ ಮತ್ತು ಅವನ ದೊಡ್ಡಪ್ಪನ ಮಗ, ಮೂವರೂ ಮೈಸೂರಿನಿಂದ ಬೆಳಿಗ್ಗೆ ಹೊರಟು ಸಂಜೆ ಮರಳಬಹುದಾದ ದೂರದ ಒಂದು ಮನರಂಜನಾ ಉದ್ಯಾನಕ್ಕೆ ಹೋಗಿದ್ದೆವು. ಗೇಟು ತೆರೆದೊಡನೆಯೇ ಹುಡುಗರಿಬ್ಬರೂ ಅಲ್ಲಿನ ದೊಡ್ಡ ಕೋಸ್ಟರ್ ಕಡೆಗೆ ಓಡಿದರು. ತಲೆಕೆಳಗಾಗಿ ತಿರುಗುವ ಲೂಪ್‌ಗಳಿರುವ, ಭುಜದ ಮೇಲಿಂದ ಇಳಿಯುವ ಹಾರ್ನೆಸ್‌ನಿಂದ ಜನರನ್ನು ಹಿಡಿದಿಡುವ ಕೋಸ್ಟರ್ ಅದು. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಇಬ್ಬರೂ ಅಕ್ಕಪಕ್ಕದ ಸೀಟಿನಲ್ಲಿ ಕೂತರು. ದೊಡ್ಡಪ್ಪನ ಮಗನ ಹಾರ್ನೆಸ್ ಒಂದೇ ಎಳೆತಕ್ಕೆ ಟಕ್ಕೆಂದು ಕೂತಿತು. ಅಳಿಯನದು ಭುಜದ ಮೇಲೆ ಬಂದು ನಿಂತುಬಿಟ್ಟಿತು. ಆಪರೇಟರ್ ಒಮ್ಮೆ ಒತ್ತಿದರು, ಎರಡನೆಯ ಸಲ ಮೈಭಾರ ಹಾಕಿ ಒತ್ತಿದರು, ಮೂರನೆಯ ಸಲ ಇನ್ನೊಬ್ಬ ಸಿಬ್ಬಂದಿಯನ್ನೂ ಕರೆದರು. ಹೊಟ್ಟೆಯ ಮುಂದೆ ಬಂದು ಸೇರಬೇಕಾದ ಬೆಲ್ಟಿನ ಕೊಂಡಿ ನಾಲ್ಕು ಬೆರಳು ದೂರದಲ್ಲೇ ಉಳಿಯಿತು. "ಸಾರ್, ಲಾಕ್ ಆಗ್ತಿಲ್ಲ. ದಯವಿಟ್ಟು ಇಳಿದುಬಿಡಿ" ಎಂದರು. ಗಾಡಿಯಲ್ಲಿ ಕೂತವರೆಲ್ಲ ತಿರುಗಿ ನೋಡುತ್ತಿದ್ದಂತೆ ಅವನು ಎದ್ದು ಆಚೆಯ ಬಾಗಿಲಿನಿಂದ ಹೊರಬಂದ. ಗಾಡಿ ಹೊರಟಿತು.

ಒಗಟು ಇರುವುದು ಪಕ್ಕದ ಸೀಟಿನಲ್ಲಿ. ದೊಡ್ಡಪ್ಪನ ಮಗನೇನೂ ಕುಳ್ಳನಲ್ಲ. ಅವನ ಎತ್ತರ 193 ಸೆಂ.ಮೀ. ನಿಂತಾಗ ಇಬ್ಬರಿಗೂ ಇರುವ ವ್ಯತ್ಯಾಸ ಕೇವಲ 3 ಸೆಂ.ಮೀ., ಎಂದರೆ ಎರಡು ಬೆರಳಿನಗಲಕ್ಕೂ ಕಡಿಮೆ. ಅಷ್ಟು ಅಂತರವಿರುವವರಲ್ಲಿ ಒಬ್ಬನಿಗೆ ಸಲೀಸಾಗಿ ಕೂತ ಹಾರ್ನೆಸ್ ಇನ್ನೊಬ್ಬನಿಗೆ ನಾಲ್ಕು ಬೆರಳು ಸಾಲದೆ ಬರುವುದು ಹೇಗೆ?

ಇನ್ನೂ ಒಂದು ವಿಚಿತ್ರ ಅಂದು ಮಧ್ಯಾಹ್ನ ಕಂಡಿತು. ಅದೇ ಉದ್ಯಾನದಲ್ಲಿ ಲೂಪ್‌ಗಳಿಲ್ಲದ, ತೊಡೆಯ ಮೇಲೆ ಮಾತ್ರ ಸರಳು ಇಳಿಯುವ, ಅಂದರೆ ಲ್ಯಾಪ್ ಬಾರ್ ಇರುವ ಚಿಕ್ಕ ಕೋಸ್ಟರ್ ಒಂದಿತ್ತು. ಅಲ್ಲಿ ಕಥೆ ತಿರುವುಮುರುವಾಯಿತು. ಅಳಿಯ ಹೇಗೋ ಕೂತ. ದೊಡ್ಡಪ್ಪನ ಮಗನ ಮೊಣಕಾಲುಗಳು ಮುಂದಿನ ಸೀಟಿನ ಬೆನ್ನಿಗೆ ಸಿಕ್ಕಿಕೊಂಡು, ಸುತ್ತು ಮುಗಿಸಿ ಇಳಿಯುವಾಗ ಚಿಪ್ಪಿನ ಮೇಲೆ ಕೆಂಪು ಗೆರೆ ಎದ್ದಿತ್ತು. ಬೆಳಿಗ್ಗೆ ಗೆದ್ದವನು ಮಧ್ಯಾಹ್ನ ಸೋತಿದ್ದ.

ಅಳತೆ

ಆ ವಾರದ ಕೊನೆಗೆ ಮಂಡ್ಯಕ್ಕೆ ಹೋದಾಗ ಇಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿ ಅಳೆದೆ. ಇದಕ್ಕೆ ಬೇಕಾದದ್ದು ಗಟ್ಟಿಯಾದ, ಮೆತ್ತೆಯಿಲ್ಲದ ಒಂದು ಬೆಂಚು, ಹಿಂದೆ ನೇರವಾದ ಗೋಡೆ, ಟೇಪು ಮತ್ತು ಬಡಗಿಯ ಮೂಲೆಮಟ್ಟ. ಸೊಂಟವನ್ನು ಗೋಡೆಗೆ ಪೂರ್ತಿ ತಾಗಿಸಿ, ಬೆನ್ನು ನೆಟ್ಟಗೆ ಮಾಡಿ ಕೂರಿಸಬೇಕು. ಮೂಲೆಮಟ್ಟದ ಒಂದು ತೋಳನ್ನು ಗೋಡೆಗೆ ಹೊಂದಿಸಿ, ಇನ್ನೊಂದನ್ನು ನೆತ್ತಿಯ ಮೇಲೆ ಇಳಿಸಿ ಗೋಡೆಗೆ ಗುರುತು ಹಾಕಬೇಕು. ಬೆಂಚಿನ ಹಲಗೆಯಿಂದ ಆ ಗುರುತಿನವರೆಗೆ ಇರುವುದು ಕೂತ ಎತ್ತರ. ಅದೇ ರೀತಿ ಭುಜದ ತುದಿಯವರೆಗೆ ಅಳೆದರೆ ಕೂತ ಭುಜದ ಎತ್ತರ, ಗೋಡೆಯಿಂದ ಮೊಣಕಾಲ ಚಿಪ್ಪಿನ ಮುಂಭಾಗದವರೆಗೆ ಅಳೆದರೆ ತೊಡೆಯ ಉದ್ದ. ಕಾರಿನ ಸೀಟು, ಕಾರ್ಖಾನೆಯ ಕುರ್ಚಿ, ವಿಮಾನದ ಸಾಲು, ಇವನ್ನೆಲ್ಲ ವಿನ್ಯಾಸ ಮಾಡುವವರು ಬಳಸುವ ಅಳತೆಗಳೂ ಇಂಥವೇ. ನಾವು ಜೇಬಿನಲ್ಲಿಟ್ಟುಕೊಂಡು ತಿರುಗುವ 'ಹೈಟು' ಎಂಬ ಒಂದೇ ಸಂಖ್ಯೆ ಅವರಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಫಲಿತಾಂಶ ಹೀಗಿತ್ತು. ಅಳಿಯನ ಕೂತ ಎತ್ತರ 101 ಸೆಂ.ಮೀ., ದೊಡ್ಡಪ್ಪನ ಮಗನದು 95. ಕೂತ ಭುಜದ ಎತ್ತರ ಅಳಿಯನದು 68, ಇನ್ನೊಬ್ಬನದು 63. ತೊಡೆಯ ಉದ್ದ ಮಾತ್ರ ಅಳಿಯನದು 66 ಇದ್ದರೆ ದೊಡ್ಡಪ್ಪನ ಮಗನದು 69. ಒಟ್ಟು ಎತ್ತರದಿಂದ ಕೂತ ಎತ್ತರವನ್ನು ಕಳೆದರೆ ಉಳಿಯುವುದು ಕಾಲಿನ ಪಾಲು: ಒಬ್ಬನಿಗೆ 95, ಇನ್ನೊಬ್ಬನಿಗೆ 98. ಎಂದರೆ, ನಿಂತಾಗ 3 ಸೆಂ.ಮೀ. ಎತ್ತರವಿರುವ ಅಳಿಯ ಕೂತಾಗ 6 ಸೆಂ.ಮೀ. ಎತ್ತರವಾಗುತ್ತಾನೆ, ಆದರೆ ಕಾಲಿನಲ್ಲಿ 3 ಸೆಂ.ಮೀ. ಗಿಡ್ಡ. ಒಬ್ಬನ ಎತ್ತರ ಮುಂಡದಲ್ಲಿದೆ, ಇನ್ನೊಬ್ಬನದು ಕಾಲಿನಲ್ಲಿದೆ. ಒಗಟಿನ ಮುಖ್ಯ ಗಂಟು ಇಲ್ಲೇ ಸಡಿಲಿತು. "ಅಂದ್ರೆ ಮಾವ, ನಾನು ಕೂತ್ರೇನೇ ಉದ್ದ ಅನ್ನಿ" ಎಂದ ಅಳಿಯ. ಅದು ಸರಿಯಾದ ನಿರೂಪಣೆಯೇ.

ಹಾರ್ನೆಸ್ ಯಾಕೆ ನಿಲ್ಲುತ್ತದೆ

ಭುಜದ ಹಾರ್ನೆಸ್ ಸೀಟಿನ ಬೆನ್ನ ಮೇಲ್ಭಾಗದಲ್ಲಿರುವ ಕೀಲಿನ ಸುತ್ತ ತಿರುಗಿ ಕೆಳಗಿಳಿಯುತ್ತದೆ. ಹಳೆಯ ಗಾಡಿಗಳಲ್ಲಿ ಹಲ್ಲುಚಕ್ರ ಮತ್ತು ಅದರ ನಾಲಿಗೆಯಿಂದ ಅದು ಹಂತಹಂತವಾಗಿ ಬೀಗಗೊಳ್ಳುತ್ತದೆ. ನಾವು ಕೇಳುವ ಟಕ್ ಟಕ್ ಸದ್ದು ಅದರದ್ದೇ. ಹೊಸ ಗಾಡಿಗಳು ಹಲವದರಲ್ಲಿ ಹೈಡ್ರಾಲಿಕ್ ಸಿಲಿಂಡರ್ ಇದ್ದು, ಒಂದೇ ದಿಕ್ಕಿಗೆ ಎಣ್ಣೆ ಹರಿಯಗೊಡುವ ಕವಾಟದಿಂದಾಗಿ ಯಾವ ಸ್ಥಾನದಲ್ಲಿ ನಿಲ್ಲಿಸಿದರೂ ಅಲ್ಲಿಯೇ ಹಿಡಿದುಕೊಳ್ಳುತ್ತದೆ. ಎಲ್ಲಿ ಬೇಕಾದರೂ ಹಿಡಿಯುತ್ತದೆ ಎಂದಮಾತ್ರಕ್ಕೆ ಎಲ್ಲಿ ಹಿಡಿದರೂ ಸಾಕು ಎಂದರ್ಥವಲ್ಲ. ಕನಿಷ್ಠ ಇಷ್ಟು ಕೋನದವರೆಗಾದರೂ ಇಳಿದಿರಬೇಕು ಎಂಬ ಮಿತಿಯೊಂದಿರುತ್ತದೆ. ಅದನ್ನು ಸೆನ್ಸರ್ ಪರೀಕ್ಷಿಸಬಹುದು, ಇಲ್ಲವೇ ಹಾರ್ನೆಸ್ಸನ್ನು ಸೀಟಿಗೆ ಕಟ್ಟುವ ನಿಗದಿತ ಉದ್ದದ ಬೆಲ್ಟು ಪರೀಕ್ಷಿಸಬಹುದು. ಆ ಬೆಲ್ಟನ್ನು ನೋಡಿದವರು ಅದು ಎರಡನೆಯ ರಕ್ಷಣೆ ಎಂದಷ್ಟೇ ಭಾವಿಸುತ್ತಾರೆ. ಅದು ಒಂದು ಅಳತೆಗೋಲು ಕೂಡ: ಬೆಲ್ಟು ತಲುಪದಿದ್ದರೆ ಹಾರ್ನೆಸ್ ಸಾಕಷ್ಟು ಇಳಿದಿಲ್ಲ ಎಂದೇ ಲೆಕ್ಕ.

ಮುಂಡ ಉದ್ದವಿದ್ದವನ ಭುಜಗಳು ಕೀಲಿನ ಮಟ್ಟಕ್ಕೆ ಹತ್ತಿರ ಬರುತ್ತವೆ. ಕೆಲವು ಸೀಟುಗಳಲ್ಲಿ ಅದನ್ನು ಮೀರುವುದೂ ಉಂಟು. ಆಗ ಹಾರ್ನೆಸ್ಸಿನ ಮೆತ್ತೆ ಎದೆಯ ಮೇಲೆ ಒರಗುವ ಮೊದಲೇ ಭುಜದ ಮೇಲೆ ಕೂತುಬಿಡುತ್ತದೆ. ಭುಜ 5 ಸೆಂ.ಮೀ. ಎತ್ತರದಲ್ಲಿದ್ದರೆ, ಕೀಲಿನಿಂದ ದೂರವಿರುವ ಹಾರ್ನೆಸ್ಸಿನ ಕೆಳತುದಿ ಅದಕ್ಕಿಂತ ಹೆಚ್ಚು ಮೇಲೆ ಉಳಿಯುತ್ತದೆ. ಇದು ಸನ್ನೆಕೋಲಿನ ಸರಳ ಲೆಕ್ಕ. ಆದ್ದರಿಂದಲೇ ಪಡಸಾಲೆಯಲ್ಲಿ 5 ಸೆಂ.ಮೀ. ಎಂದು ಕಂಡದ್ದು ಗಾಡಿಯಲ್ಲಿ ನಾಲ್ಕು ಬೆರಳಾಗಿ ಕಂಡಿತು. ಸಿಬ್ಬಂದಿ ಎಷ್ಟು ಒತ್ತಿದರೂ ಅವರು ಒತ್ತುತ್ತಿದ್ದದ್ದು ಬೀಗವನ್ನಲ್ಲ, ಅಳಿಯನ ಬೆನ್ನುಮೂಳೆಯನ್ನು.

ಹಾಗಾದರೆ ಭುಜದ ಹಾರ್ನೆಸ್ ಅನಿವಾರ್ಯವೇ ಎಂಬ ಪ್ರಶ್ನೆ ಸಹಜ. ಇದಕ್ಕೆ ಚರಿತ್ರೆಯಲ್ಲಿ ಒಂದು ಸೊಗಸಾದ ಉತ್ತರವಿದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮನರಂಜನಾ ಉದ್ಯಾನ ಮ್ಯಾಜಿಕ್ ಮೌಂಟನ್‌ನಲ್ಲಿ 'ರೆವಲ್ಯೂಷನ್' ಎಂಬ ಕೋಸ್ಟರ್ ಆರಂಭವಾಯಿತು. ಅದರ ಲೂಪನ್ನು ರೂಪಿಸಿದವರು ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್. ಶುದ್ಧ ವೃತ್ತದ ಬದಲು ತುದಿಯಲ್ಲಿ ಬಿಗಿದು ಬುಡದಲ್ಲಿ ಹರಡಿಕೊಳ್ಳುವ, ಕಣ್ಣೀರ ಹನಿಯನ್ನು ಹೋಲುವ ಲೂಪ್ ಅದು. ಅಂಥ ಲೂಪಿನ ತುದಿಯಲ್ಲಿ ತಲೆಕೆಳಗಾಗಿದ್ದರೂ ವೇಗದ ಕಾರಣದಿಂದ ದೇಹ ಸೀಟಿಗೇ ಒತ್ತಿಕೊಂಡಿರುತ್ತದೆ. ಕೊಡದಲ್ಲಿ ನೀರು ತುಂಬಿ ಗಿರ್ರನೆ ಸುತ್ತಿಸಿದರೆ ನೀರು ಚೆಲ್ಲದಂತೆಯೇ. ಆ ಕೋಸ್ಟರ್ ಮೊದಲು ಓಡಿದ್ದು ತೊಡೆಯ ಸರಳಿನಿಂದ ಮಾತ್ರ. ಮುಂದೆ ಭುಜದ ಹಾರ್ನೆಸ್ ಸೇರಿಸಿದರು. 2016ರಲ್ಲಿ ಹೊಸ ಗಾಡಿ ತಂದಾಗ ಮತ್ತೆ ತೊಡೆಯ ಸರಳಿಗೇ ಮರಳಿದರು. ಒಂದೇ ಹಳಿ, ಒಂದೇ ಲೂಪ್, ಮೂರು ಕಾಲಕ್ಕೆ ಮೂರು ತೀರ್ಮಾನ. ಎತ್ತರದವನಿಗೆ ಅಡ್ಡಬರುವುದು ಅನೇಕ ಸಲ ಹಳಿಯ ತಿರುವುಗಳಲ್ಲ, ಆ ಕಾಲಕ್ಕೆ ಕೊಂಡ ಗಾಡಿಯ ಸೀಟು ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಒಂದು ಗಾಡಿಗೆ ಹಾರ್ನೆಸ್ ಎಂದು ತಯಾರಕರು ನಿರ್ಧರಿಸಿದ ಮೇಲೆ ಅದು ಪೂರ್ತಿ ಇಳಿಯಲೇಬೇಕು; ಅಲ್ಲಿ ಚೌಕಾಸಿಗೆ ಜಾಗವಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2022ರ ಮಾರ್ಚ್‌ನಲ್ಲಿ ಅಮೆರಿಕದ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ, ಮೇಲಿನಿಂದ ನೇರ ಕೆಳಕ್ಕೆ ಬೀಳುವ ಗೋಪುರ ಮಾದರಿಯ ರೈಡ್ ಒಂದರಿಂದ 14 ವರ್ಷದ ದೊಡ್ಡ ಮೈಕಟ್ಟಿನ ಹುಡುಗ ಜಾರಿಬಿದ್ದು ಸತ್ತ. ತನಿಖೆಯಲ್ಲಿ ಹೊರಬಿದ್ದ ಸಂಗತಿಯೆಂದರೆ, ಅವನು ಕೂತ ಸೀಟಿನ ಸೆನ್ಸರನ್ನು ಕೈಯಿಂದಲೇ ಹೊಂದಿಸಿ, ಹಾರ್ನೆಸ್ಸಿಗೂ ಸೀಟಿಗೂ ನಡುವೆ ಸಾಮಾನ್ಯಕ್ಕಿಂತ ಸುಮಾರು ಎರಡರಷ್ಟು ಸಂದು ಉಳಿದಿದ್ದರೂ 'ಸುರಕ್ಷಿತ' ಎಂಬ ದೀಪ ಉರಿಯುವಂತೆ ಮಾಡಲಾಗಿತ್ತು. ನಮ್ಮ ಪ್ರಕರಣದಲ್ಲಿ ಆಪರೇಟರ್ ಮೂರು ಸಲ ಪ್ರಯತ್ನಿಸಿ ಇಳಿಯಿರಿ ಎಂದದ್ದನ್ನು ನಾನು ಅವಮಾನವೆಂದು ಎಣಿಸದಿರುವುದು ಇದೇ ಕಾರಣಕ್ಕೆ. ಅವರು ಮಾಡಿದ್ದು ಸರಿ. ತಪ್ಪಿರುವುದು ಮುಕ್ಕಾಲು ಗಂಟೆ ಸಾಲಿನಲ್ಲಿ ನಿಲ್ಲಿಸಿ, ನೂರು ಕಣ್ಣುಗಳ ಎದುರು ಅದನ್ನು ತಿಳಿಸುವ ವ್ಯವಸ್ಥೆಯಲ್ಲಿ. ಸಾಲಿನ ಆರಂಭದಲ್ಲಿ ಕನಿಷ್ಠ ಎತ್ತರವನ್ನು ತೋರಿಸುವ ಬಣ್ಣದ ಕಂಬವಿತ್ತು. ಮಕ್ಕಳು ತುದಿಗಾಲಲ್ಲಿ ನಿಂತು ಅದನ್ನು ಮುಟ್ಟಲು ಹೆಣಗುತ್ತಿದ್ದರು. ಗರಿಷ್ಠ ಎತ್ತರದ ಬಗ್ಗೆ ಒಂದಕ್ಷರವೂ ಇರಲಿಲ್ಲ. ಯುರೋಪ್ ಮತ್ತು ಅಮೆರಿಕದ ಅನೇಕ ಕೋಸ್ಟರ್‌ಗಳಲ್ಲಿ 196 ಸೆಂ.ಮೀ. ಆಸುಪಾಸಿನ ಮೇಲ್ಮಿತಿಯನ್ನು ಫಲಕದಲ್ಲೇ ಬರೆದಿರುತ್ತಾರೆ, ಜೊತೆಗೆ ಸಾಲಿಗೆ ಸೇರುವ ಮುನ್ನ ಕೂತು ನೋಡಲು ನಿಜವಾದ ಹಾರ್ನೆಸ್ ಇರುವ ಟೆಸ್ಟ್ ಸೀಟನ್ನು ಇಟ್ಟಿರುವ ಕಡೆಗಳೂ ಇವೆ. ಆ ಕುರ್ಚಿಯೊಂದಿದ್ದರೆ ಅಳಿಯನ ಒಂದು ಬೆಳಗು ಉಳಿಯುತ್ತಿತ್ತು.

ತೊಡೆಯ ಸರಳಿನ ತೊಂದರೆ

ದೊಡ್ಡಪ್ಪನ ಮಗನ ಮೊಣಕಾಲಿನ ಗೆರೆಯನ್ನು ಎಲ್ಲರೂ ಸಣ್ಣ ವಿಷಯವೆಂದು ನಕ್ಕರು. ನನ್ನ ಮಟ್ಟಿಗೆ ಎರಡರಲ್ಲಿ ಹೆಚ್ಚು ಗಮನಿಸಬೇಕಾದದ್ದು ಅದೇ, ಏಕೆಂದರೆ ಅಲ್ಲಿ ಸರಳು ಬೀಗಗೊಂಡಿತ್ತು. ಕಾಲು ಚಾಚಲು ಜಾಗವಿಲ್ಲದಿದ್ದಾಗ ಮೊಣಕಾಲು ಮೇಲೇಳುತ್ತದೆ. ಮೇಲೆದ್ದ ತೊಡೆಯ ಮೇಲೆ ಸರಳು ಬಂದು ಕೂತರೆ, ಅದು ಹಿಡಿಯುವುದು ಮೊಣಕಾಲ ಹತ್ತಿರದ ಭಾಗವನ್ನು; ಕಿಬ್ಬೊಟ್ಟೆಯ ಬುಡದಲ್ಲಿ, ಎಂದರೆ ನಿಜವಾಗಿ ಹಿಡಿಯಬೇಕಾದ ಜಾಗದಲ್ಲಿ, ಒಂದು ಗೇಣು ಸಂದು ಉಳಿಯುತ್ತದೆ. ದಿಬ್ಬದ ತುದಿಯನ್ನು ಗಾಡಿ ರಭಸದಿಂದ ದಾಟುವಾಗ ದೇಹ ಸೀಟಿನಿಂದ ಮೇಲಕ್ಕೆದ್ದು ತೇಲುವ ಕ್ಷಣವೊಂದು ಬರುತ್ತದೆ; ಎಷ್ಟೋ ಜನ ಟಿಕೆಟ್ ಕೊಡುವುದೇ ಆ ಕ್ಷಣಕ್ಕಾಗಿ. ಕಾಲು ಅಲುಗಿ ಮೊಣಕಾಲು ತಗ್ಗಿದರೆ ಆಗ ಆ ಸಂದೆಲ್ಲ ಬಳಕೆಗೆ ಸಿಗುತ್ತದೆ. ಹೀಗಾಗಿ ಉದ್ದ ಕಾಲಿನವರು ಸರಳು ಇಳಿಯುವ ಮುನ್ನ ಮಾಡಬೇಕಾದ ಕೆಲಸ ಒಂದೇ: ಸೊಂಟವನ್ನು ಸೀಟಿನ ಮೂಲೆಗೆ ಪೂರ್ತಿ ತಳ್ಳಿ, ಪಾದಗಳನ್ನು ಆದಷ್ಟು ಮುಂದಕ್ಕೆ ಚಾಚಿ ತೊಡೆಯನ್ನು ಮಟ್ಟ ಮಾಡಿಕೊಂಡು, ಆಮೇಲೆ ಸರಳನ್ನು ತಾವೇ ಎಳೆದುಕೊಳ್ಳುವುದು. ಮುಂದಿನ ಸೀಟು ಅಡ್ಡಬಂದು ಚಾಚಲಾಗದಿದ್ದರೆ ಮೊದಲ ಸಾಲನ್ನು ಕೇಳಿ ಪಡೆಯಬೇಕು. ಎಲ್ಲ ಗಾಡಿಗಳಲ್ಲೂ ಅಲ್ಲದಿದ್ದರೂ ಹಲವದರಲ್ಲಿ ಅಲ್ಲಿ ಕಾಲಿಗೆ ಹೆಚ್ಚು ಜಾಗವಿರುತ್ತದೆ.

ಹಳಿಯ ಕೆಳಗೆ ತೂಗಾಡುವ, ಕಾಲುಗಳು ಗಾಳಿಯಲ್ಲಿ ಇಳಿಬಿದ್ದಿರುವ ಕೋಸ್ಟರ್‌ಗಳು ಉದ್ದ ಕಾಲಿನವರ ಪಾಲಿಗೆ ವರವಿದ್ದಂತೆ. ಸ್ವಿಟ್ಜರ್ಲೆಂಡಿನ ಬೊಲಿಗರ್ ಅಂಡ್ ಮಬಿಯಾರ್ ಸಂಸ್ಥೆ 1992ರಲ್ಲಿ ಇಂಥ ಮೊದಲ ಗಾಡಿಯನ್ನು ಶಿಕಾಗೊ ಬಳಿಯ ಉದ್ಯಾನವೊಂದಕ್ಕೆ ಕೊಟ್ಟಿತು. ಮುಂದೆ ತಡೆಯಿಲ್ಲ, ಕೆಳಗೆ ನೆಲವಿಲ್ಲ. ಆದರೆ ಅದರಲ್ಲೂ ಭುಜದ ಹಾರ್ನೆಸ್ ಇರುವುದರಿಂದ ದೊಡ್ಡಪ್ಪನ ಮಗನಿಗೆ ಆದ ಲಾಭ ಅಳಿಯನಿಗೆ ಆಗದು. ಇತ್ತೀಚಿನ ಕೆಲವು ಗಾಡಿಗಳಲ್ಲಿ ಗಟ್ಟಿ ಹಾರ್ನೆಸ್ಸಿನ ಬದಲು ಬಗ್ಗುವ ಜಾಕೀಟಿನಂಥ ಹೊದಿಕೆ ಬಂದಿದೆ. ಅದು ತಲೆಗೆ ಬಡಿಯುವುದಿಲ್ಲ ಎಂಬುದು ಎಲ್ಲರಿಗೂ ಅನುಕೂಲ, ಆದರೆ ಮುಂಡ ಉದ್ದವಿದ್ದವರ ಭುಜವನ್ನು ಅದೂ ಕೆಳಕ್ಕೆ ಎಳೆಯಬಲ್ಲದು.

ತಲೆಗೆ ಬಡಿಯುವ ವಿಷಯ ಬಂದದ್ದರಿಂದ ಒಂದು ಪುಟ್ಟ ಲೆಕ್ಕ. ಗಾಡಿ ಮಗ್ಗುಲಿಗೆ ಪೂರ್ತಿ ಉರುಳುವ ತಿರುವಿನಲ್ಲಿ ಉರುಳುವಿಕೆಯ ಅಕ್ಷವನ್ನು ಹಳಿಯ ಬದಲು ಕೂತವರ ಎದೆಯ ಮಟ್ಟದಲ್ಲಿ ಇಡುವುದು ವಿನ್ಯಾಸದ ಪದ್ಧತಿ. ಇದನ್ನು ಬೆಳೆಸಿದವರಲ್ಲಿಯೂ ಸ್ಟೆಂಗೆಲ್ ಅವರೇ ಪ್ರಮುಖರು. ಎದೆ ಅಕ್ಷದಲ್ಲಿದ್ದರೆ ತಲೆ ಅದರಿಂದಾಚೆ ಸುತ್ತುತ್ತದೆ. ಎರಡು ಸೆಕೆಂಡಿನಲ್ಲಿ ಒಂದು ಉರುಳು ಎಂದು ಇಟ್ಟುಕೊಂಡರೆ, ಅಕ್ಷದಿಂದ 38 ಸೆಂ.ಮೀ. ದೂರವಿರುವ ತಲೆಗೆ ಗುರುತ್ವದ ಸುಮಾರು 0.38ರಷ್ಟು ಎಳೆತ, 45 ಸೆಂ.ಮೀ. ದೂರವಿದ್ದರೆ 0.45ರಷ್ಟು. ವ್ಯತ್ಯಾಸ ಇದೆ, ಆದರೆ ಹೆದರುವಷ್ಟಿಲ್ಲ. ಅದಕ್ಕಿಂತ ಕಾಡುವುದು ತಲೆಯ ಹಿಂದಿನ ಒರಗು. ಅಳಿಯನಿಗೆ ಅದು ಕತ್ತಿನ ಬುಡಕ್ಕೇ ಮುಗಿದುಹೋಗಿತ್ತು. ಸುಮಾರು 5 ಕೆ.ಜಿ. ತೂಗುವ ತಲೆ ಲೂಪಿನ ಬುಡದಲ್ಲಿ ಗುರುತ್ವದ ನಾಲ್ಕು ಪಟ್ಟು ಒತ್ತಡಕ್ಕೆ ಸಿಕ್ಕರೆ 20 ಕೆ.ಜಿ. ಆದಂತೆ, ಹಿಂದೆ ಆಸರೆಯಿಲ್ಲದಿದ್ದರೆ ಆ ಭಾರವೆಲ್ಲ ಕತ್ತಿನ ಸ್ನಾಯುಗಳ ಪಾಲು.

ಕೈಯ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಹಳಿಯ ಸುತ್ತ, ಕೂತವರ ಕೈಕಾಲು ಚಾಚಿದರೂ ಕಂಬ, ತೊಲೆ, ಸುರಂಗದ ಗೋಡೆ ಯಾವುದೂ ತಾಗದಂತೆ ಖಾಲಿ ಜಾಗ ಬಿಡಬೇಕೆಂಬುದು ನಿಯಮ. ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಮಾನದಂಡವೂ ಯುರೋಪಿನ ಇಎನ್ 13814 ಮಾನದಂಡವೂ ಈ ಜಾಗದ ಬಗ್ಗೆ ಹೇಳುತ್ತವೆ. ಆದರೆ ಆ ಜಾಗವನ್ನು ಎಣಿಸುವುದು ಜನಸಾಮಾನ್ಯರ ಅಳತೆಗಳ ಮೇಲೆ. ಗರಿಷ್ಠ ಎತ್ತರದ ಫಲಕಕ್ಕೆ ಇದೂ ಒಂದು ಕಾರಣ. ನಮ್ಮ ಹಳೆಯ ಕವಿಗಳು ವೀರರನ್ನು 'ಆಜಾನುಬಾಹು' ಎಂದು ಹೊಗಳಿದರು. ಸುರಂಗದ ಬಾಯಲ್ಲಿ ಅಂಥ ವೀರ ಕೈ ಎತ್ತದಿರುವುದೇ ಕ್ಷೇಮ.

ಎರಡನೆಯ ಭೇಟಿ

ಮೂರು ತಿಂಗಳ ನಂತರ ಮತ್ತೆ ಹೋದೆವು. ಅಷ್ಟರಲ್ಲಿ ಅಳಿಯ ಒಂದು ಉಪಾಯ ಓದಿಕೊಂಡು ಬಂದಿದ್ದ: ಸೊಂಟವನ್ನು ಮುಂದಕ್ಕೆ ಜಾರಿಸಿ, ಬೆನ್ನನ್ನು ಗೂನಿಸಿ ಕೂತರೆ ಭುಜ ತಗ್ಗುತ್ತದೆ, ಹಾರ್ನೆಸ್ ಬೀಳುತ್ತದೆ. ಬೀಳುತ್ತದೆ ಎಂಬುದು ನಿಜ. ನಾನು ಅದನ್ನು ಒಪ್ಪಲಿಲ್ಲ. ಗೂನಿಸಿದ ಬೆನ್ನಿನ ಮೇಲೆ ನಾಲ್ಕು ಪಟ್ಟು ಭಾರ ಬಿದ್ದಾಗ ಸೊಂಟದ ಮೂಳೆಗಳ ನಡುವಿನ ಬಿಲ್ಲೆಗಳಿಗೆ ಓರೆಯಾಗಿ ಒತ್ತಡ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಭಾರಕ್ಕೆ ದೇಹ ಕುಗ್ಗಿದ ಕ್ಷಣದಲ್ಲಿ ಹಾರ್ನೆಸ್ ಇನ್ನೊಂದು ಹಲ್ಲು ಕೆಳಗಿಳಿದು ಕೂರಬಹುದು. ಭಾರ ಸರಿದು ಬೆನ್ನು ನೆಟ್ಟಗಾಗಲು ನೋಡಿದಾಗ ಅದು ಮೇಲೇಳುವುದಿಲ್ಲ. ಉಳಿದ ಸುತ್ತೆಲ್ಲ ಭುಜದ ಮೇಲೆ ಮೂಟೆ ಹೊತ್ತಂತೆ.

ಬದಲಿಗೆ ನಾನೇ ಒಂದು ಪ್ರಯೋಗ ಸೂಚಿಸಿದೆ. ಮನುಷ್ಯ ಬೆಳಿಗ್ಗೆ ಎದ್ದಾಗ ಸಂಜೆಗಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರವಿರುತ್ತಾನೆ. ದಿನವಿಡೀ ನಿಂತು ನಡೆದು ಬೆನ್ನುಮೂಳೆಯ ಬಿಲ್ಲೆಗಳು ಅದುಮಿಕೊಳ್ಳುವುದೇ ಕಾರಣ. ಪಡಸಾಲೆಯಲ್ಲಿ ಸಂಜೆ ಏಳಕ್ಕೆ 101 ಸೆಂ.ಮೀ. ಬಂದ ಅವನ ಕೂತ ಎತ್ತರ ಮರುದಿನ ಬೆಳಿಗ್ಗೆ ಆರಕ್ಕೆ 102 ಬಂದಿತ್ತು. ಮೊದಲ ಸಲ ಅವನು ಗೇಟು ತೆರೆದೊಡನೆ ಓಡಿಹೋಗಿ ಕೂತದ್ದು, ಎಂದರೆ ತನ್ನ ದಿನದ ಗರಿಷ್ಠ ಎತ್ತರಕ್ಕೆ ಹತ್ತಿರವಿದ್ದಾಗಲೇ. ಈ ಸಲ ದೊಡ್ಡ ಕೋಸ್ಟರನ್ನು ಸಂಜೆಗೆ ಇಟ್ಟುಕೊಂಡೆವು. ಬೆಳಿಗ್ಗೆ ದಪ್ಪ ತಳದ ಶೂ ಬಿಟ್ಟು, ಪಟ್ಟಿಯಿರುವ ತೆಳು ಚಪ್ಪಲಿ ಹಾಕಿಸಿದ್ದೆ. ಅದು ಲ್ಯಾಪ್ ಬಾರ್ ಗಾಡಿಗಾಗಿ, ಪಾದದ ಅಡಿಯ ಎರಡು ಸೆಂಟಿಮೀಟರ್ ಕೂಡ ಮೊಣಕಾಲನ್ನು ಅಷ್ಟೇ ಮೇಲೆತ್ತುತ್ತದೆ ಎಂಬ ಲೆಕ್ಕದಿಂದ.

ಲ್ಯಾಪ್ ಬಾರ್ ಗಾಡಿ ಸುಲಭವಾಗಿ ಮುಗಿಯಿತು. ಸಿಬ್ಬಂದಿಯನ್ನು ಕೇಳಿ, ಒಂದು ಸರದಿ ಬಿಟ್ಟು, ಇಬ್ಬರೂ ಮೊದಲ ಸಾಲಿನಲ್ಲಿ ಕೂತರು. ಕಾಲು ಚಾಚಿ ಸರಳನ್ನು ತೊಡೆಯ ಬುಡಕ್ಕೆ ಎಳೆದುಕೊಂಡರು. ದೊಡ್ಡಪ್ಪನ ಮಗನ ಮೊಣಕಾಲಿಗೂ ಮುಂದಿನ ತಗಡಿಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗವಿತ್ತು. ಇಳಿದು ಬಂದು ಮತ್ತೆ ಸಾಲಿಗೆ ಸೇರಿದರು. ಹೀಗೆ ಮೂರು ಸುತ್ತು.

ಸಂಜೆ ಐದರ ಹೊತ್ತಿಗೆ ದೊಡ್ಡದಕ್ಕೆ ಹೋದೆವು. ಈ ಬಾರಿ ನಾನು ಮೊದಲೇ ಸಾಲಿನ ಬಾಯಲ್ಲಿದ್ದ ಮೇಲ್ವಿಚಾರಕರಿಗೆ ವಿಷಯ ತಿಳಿಸಿ, ಗಾಡಿ ಖಾಲಿಯಾದಾಗ ಒಮ್ಮೆ ಕೂತು ನೋಡಲು ಬಿಡುತ್ತೀರಾ ಎಂದು ಕೇಳಿದೆ. "ಅದಕ್ಕೇನು ಸಾರ್, ಬನ್ನಿ" ಎಂದು ಪಕ್ಕದ ಬಾಗಿಲಿನಿಂದ ಒಳಗೆ ಬಿಟ್ಟರು. ಇಷ್ಟು ಸರಳವಾದ ವಿನಂತಿಯನ್ನು ಮೊದಲ ಸಲವೇ ಮಾಡಬಹುದಿತ್ತು. ಕೇಳಬೇಕೆಂದು ಹೊಳೆದಿರಲಿಲ್ಲ, ಅಷ್ಟೆ. ಅಳಿಯ ಸೊಂಟವನ್ನು ಹಿಂದಕ್ಕೆ ಒತ್ತಿ, ನೆಟ್ಟಗೆ ಕೂತು, ಪೂರ್ತಿ ಉಸಿರು ಬಿಟ್ಟು, ಹಾರ್ನೆಸ್ಸನ್ನು ತಾನೇ ನಿಧಾನವಾಗಿ ಎಳೆದುಕೊಂಡ. ಭುಜಕ್ಕೆ ತಾಗಿದ ಮೇಲೆಯೂ ಅದು ಕೊಂಚ ಇಳಿಯಿತು. ಬೆಲ್ಟಿನ ಕೊಂಡಿ ಹತ್ತಿರ ಬಂತು. ಮೇಲ್ವಿಚಾರಕರು ಅಂಗೈಯಿಂದ ಒಂದು ಒತ್ತು ಒತ್ತಿದರು. ಟಕ್ ಎಂದಿತು. ಸೀಟಿನ ಪಕ್ಕದ ಹಸಿರು ದೀಪವೂ ಹತ್ತಿತು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನ ಮುಖ ಮಾತ್ರ ನಗಲಿಲ್ಲ. ಎರಡೂ ಭುಜಗಳು ಕಿವಿಯಿಂದ ದೂರಕ್ಕೆ, ಕೆಳಕ್ಕೆ ಎಳೆದಂತಿದ್ದವು. ಉಸಿರು ತೆಗೆದುಕೊಳ್ಳುವಾಗ ಎದೆ ಏಳಲು ಜಾಗವಿರಲಿಲ್ಲ. "ಏನಪ್ಪಾ, ಹೇಗಿದೆ?" ಎಂದೆ. ಅರ್ಧ ನಿಮಿಷ ಹಾಗೆಯೇ ಕೂತಿದ್ದ. ಕತ್ತನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಲು ನೋಡಿದ. ಒರಗಿಗೆ ತಲೆ ತಾಗಿಸಲು ಗದ್ದವನ್ನು ಮೇಲೆತ್ತಬೇಕಾಗಿತ್ತು. ಯಂತ್ರದ ಲೆಕ್ಕದಲ್ಲಿ ಅವನು ಸುರಕ್ಷಿತ, ಮೇಲ್ವಿಚಾರಕರೂ ಸರಿ ಎಂದಿದ್ದರು, ಮೂರು ತಿಂಗಳ ಆಸೆ ಒಂದು ಗುಂಡಿಯ ದೂರದಲ್ಲಿತ್ತು. ನಾನು ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ನಿಂತಿರುವ ಗಾಡಿಯಲ್ಲಿ, ಗುರುತ್ವ ಒಂದೇ ಪಟ್ಟು ಇರುವಾಗ ಹೀಗಿದ್ದರೆ, ನಾಲ್ಕು ಪಟ್ಟಿನಲ್ಲಿ ಹಾರ್ನೆಸ್ ಇನ್ನೊಂದು ಹಲ್ಲು ಇಳಿದಾಗ ಹೇಗಿರುತ್ತದೆ ಎಂಬ ಲೆಕ್ಕವನ್ನು ಅವನಿಗೆ ಮೊದಲೇ ಹೇಳಿದ್ದೆ.

"ಬಿಡಿಸಿಬಿಡಿ ಸಾರ್" ಎಂದ ಅವನೇ.

ದೊಡ್ಡಪ್ಪನ ಮಗ ಅದೇ ಸೀಟಿನಲ್ಲಿ ಕೂತು ಹೋಗಿಬಂದ. ಅಳಿಯ ಕೆಳಗೆ ಬೇಲಿಯ ಬಳಿ ನಿಂತು ಲೂಪಿನ ತುದಿಯ ವಿಡಿಯೊ ತೆಗೆದ. ಮುಂದೆ ನಿಂತವರ ತಲೆಗಳ ಮೇಲಿಂದ, ಕೈ ಚಾಚುವ ಅಗತ್ಯವೂ ಇಲ್ಲದೆ. ಹೊರಡುವಾಗ ಕಚೇರಿಯಲ್ಲಿ ಒಂದು ಚೀಟಿ ಬರೆದುಕೊಟ್ಟೆ: ಸಾಲಿನ ಆರಂಭದಲ್ಲಿ ಹಳೆಯ ಸೀಟೊಂದನ್ನು ಹಾರ್ನೆಸ್ ಸಮೇತ ಇಡಬೇಕು, ಕಂಬದ ಪಕ್ಕದ ಬೆಂಚಿನ ಹಿಂದೆ 66 ಸೆಂ.ಮೀ. ಎತ್ತರಕ್ಕೆ ಒಂದು ಗೆರೆ ಎಳೆಯಬೇಕು, ಕೂತವರ ಭುಜ ಆ ಗೆರೆಯನ್ನು ಮೀರಿದರೆ ಮೊದಲು ಟೆಸ್ಟ್ ಸೀಟಿಗೆ ಕಳಿಸಬೇಕು. 66 ಎಂಬುದು 63ಕ್ಕೂ 68ಕ್ಕೂ ನಡುವೆ ನಾನು ಇಬ್ಬರನ್ನು ಕಂಡು ಹಾಕಿದ ಅಂದಾಜು, ತಯಾರಕರ ಕೈಪಿಡಿಯನ್ನು ನೋಡಿ ತಿದ್ದಿಕೊಳ್ಳಿ ಎಂದೂ ಸೇರಿಸಿದ್ದೆ.

ಮರಳುವಾಗ ಬಸ್ಸು ಮುಕ್ಕಾಲು ಖಾಲಿಯಿತ್ತು. ಅಳಿಯ ಸೀದಾ ಹಿಂದಕ್ಕೆ ಹೋಗಿ ಕೊನೆಯ ಸಾಲಿನ ನಡುವಿನ ಸೀಟಿನಲ್ಲಿ ಕೂತ. ಅಲ್ಲಿ ಮೊಣಕಾಲಿನ ಮುಂದೆ ಇರುವುದು ಓಡಾಡುವ ದಾರಿ ಮಾತ್ರ. ಮಂಡ್ಯ ಬರುವವರೆಗೂ ಕಾಲು ಚಾಚಿಕೊಂಡು ನಿದ್ದೆ ಮಾಡಿದ.